ಕಂಬಳಿ ಹೊದ್ದ ದೆವ್ವ

ಆ ಸಿನಿಮಾ ಬಗ್ಗೆ ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು ಪೂರ್ತಿ ನಿಜವಲ್ಲ ಎಂದು ಗೊತ್ತಾದದ್ದು ಮೊನ್ನೆ ಅದನ್ನು ಸೀಡಿಯಲ್ಲಿ ಮತ್ತೆ ನೋಡಿದಾಗ. "ಶುರುವಿನಿಂದ ಕೊನೆಯವರೆಗೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು" ಎನ್ನುತ್ತಿದ್ದೆ. ಸೀಡಿಯಲ್ಲಿ ನೋಡಿದರೆ ಮೊದಲ ಅರ್ಧದಲ್ಲಿ ನಗುವಂಥದ್ದು ಏನೂ ಇಲ್ಲ. ಒಬ್ಬ ಉದ್ದನೆಯ ಮನುಷ್ಯ ಹಾಳು ಗೋದಾಮಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾನೆ, ನಿಂತು ಕ್ಯಾಮೆರಾ ನೋಡುತ್ತಾನೆ, ಮತ್ತೆ ಆ ಗೋಡೆಗೆ ಹೋಗುತ್ತಾನೆ. ಅದನ್ನು ಬರೆದವನು ನಾನೇ. ಆಗ ಅದು ಗಂಭೀರವಾಗಿದೆ ಎಂದುಕೊಂಡಿದ್ದೆ.

ನಾನು ಕಾಲೇಜು ದಿನಗಳಿಂದ ದಿನಚರಿ ಬರೆಯುವವನು. ಆ ವರ್ಷದ ಆಷಾಢದಲ್ಲಿ ಮಾತ್ರ ಒಂದು ಸಾಲೂ ಬರೆದಿಲ್ಲ. ಖುಷಿಯಾಗಿದ್ದಾಗ ನನಗೆ ಬರೆಯಲು ಪುರುಸೊತ್ತು ಇರುವುದಿಲ್ಲ. ನನ್ನ ದಿನಚರಿಗಳನ್ನಷ್ಟೇ ಓದಿದವರು ಈ ಮನುಷ್ಯ ಹುಟ್ಟಿದಾಗಿನಿಂದ ಸಪ್ಪಗೇ ಇದ್ದ ಎಂದುಕೊಂಡಾರು. ಆದ್ದರಿಂದ ಈ ಬರಹಕ್ಕೆ ಆಧಾರ ನನ್ನ ನೆನಪು ಮತ್ತು ಜೊತೆಯಲ್ಲಿದ್ದವರ ನೆನಪು. ಇವೆರಡೂ ಎಲ್ಲ ಕಡೆಯೂ ಕೂಡುವುದಿಲ್ಲ. ಕೂಡದ ಕಡೆ ಹಾಗೆಂದು ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಎಂ.ಎ. ಮೊದಲ ವರ್ಷದ ಪರೀಕ್ಷೆ ಮುಗಿಸಿ ಚಳ್ಳಕೆರೆಗೆ ಬಂದಿದ್ದೆ. ವಿಶ್ವವಿದ್ಯಾಲಯದಲ್ಲಿ ಒಂದು ಸಂಜೆ ನಮಗೆಲ್ಲ ಹಳೆಯ ಕಪ್ಪುಬಿಳುಪು ವಿದೇಶಿ ಚಿತ್ರವೊಂದನ್ನು ತೋರಿಸಿದ್ದರು. ಹಗಲು ಹೆಣದ ಪೆಟ್ಟಿಗೆಯಲ್ಲಿ ಮಲಗಿ ರಾತ್ರಿ ಎದ್ದು ಜನರ ರಕ್ತ ಕುಡಿಯುವ ಒಬ್ಬ ದೊರೆಯ ಕಥೆ. ದೆವ್ವದ ಚಿತ್ರಗಳಿಗೆಲ್ಲ ಅದೇ ಮೂಲ ಎಂದು ಮೇಷ್ಟರು ಹೇಳಿದ್ದರು. ಆ ರಾತ್ರಿ ಹಾಸ್ಟೆಲಿನಲ್ಲಿ ಯಾರೂ ದೀಪ ಆರಿಸಲಿಲ್ಲ. ಊರಿಗೆ ಬಂದವನು ಆ ಕಥೆಯನ್ನು ಮಾವನ ಬಟ್ಟೆ ಅಂಗಡಿಯಲ್ಲಿ ಕೂತು ಕೈಬಾಯಿ ಸಮೇತ ಅಭಿನಯಿಸಿ ಹೇಳಿದೆ.

ಮಾವ ಎಂದರೆ ನಮ್ಮವ್ವನ ತಮ್ಮ. ನನಗಿಂತ ಆರೇಳು ವರ್ಷ ದೊಡ್ಡವನು, ಆದರೆ ನಮ್ಮದು ಗೆಳೆಯರ ಲೆಕ್ಕ. ತಾತ ಮೊಳಕಾಲ್ಮೂರಿನ ಮಗ್ಗ ಬಿಟ್ಟು ಬಂದು ತೆರೆದ ಸಣ್ಣ ಅಂಗಡಿಯನ್ನು ಅವನೇ ನಡೆಸುತ್ತಿದ್ದ. ಆಷಾಢದಲ್ಲಿ ಸೀರೆ ಕೊಳ್ಳುವವರು ಯಾರು? ಬೀದಿಯ ಗಾಳಿಗೆ ಹಾರಿ ಬಂದ ಮಣ್ಣನ್ನು ದಿನಕ್ಕೆ ಹಲವು ಸಲ ಗುಡಿಸುವುದೇ ವ್ಯಾಪಾರ. ಎದುರಿನ ಮೋಟಾರ್ ರಿಪೇರಿ ಅಂಗಡಿಯವರ ತಮ್ಮನೂ ಆಷಾಢಕ್ಕೆ ಕೆಲಸವಿಲ್ಲದೆ ನಮ್ಮ ಜೊತೆ ಕೂರುತ್ತಿದ್ದ. ಅವನು ಊರಿನ ಮದುವೆಗಳ ವಿಡಿಯೋ ತೆಗೆಯುವವನು. ಹಿಂದೂಗಳ ಮದುವೆ ನಿಂತ ತಿಂಗಳು ಅವನ ಕ್ಯಾಮೆರಾ ಪೆಟ್ಟಿಗೆಯೊಳಗೇ ಇರುತ್ತಿತ್ತು. ಹೆಸರು ಬೇಡ, ಎಲ್ಲರೂ ಕರೆಯುತ್ತಿದ್ದದ್ದು ವಿಡಿಯೋ ಭಾಯಿ ಎಂದೇ.

ನನ್ನ ಕಥೆ ಕೇಳಿ ವಿಡಿಯೋ ಭಾಯಿ ಹೇಳಿದ, "ಇದನ್ನ ನಾವು ತೆಗೀಬೇಕು. ನಮ್ಮೂರಿಗೆ ಬಂದ್ರೆ ಆ ದೊರೆ ಏನ್ ಮಾಡ್ತಾನೆ, ಅಷ್ಟೇ. ಟೇಪು ನಂದು, ಕ್ಯಾಮೆರಾ ನಂದು. ದೆವ್ವ ಯಾರು ಆಗ್ತಾರೆ ಹೇಳಿ?"

ನಾವಿಬ್ಬರೂ ಮಾವನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವನಿಗೆ ಗೊತ್ತಾಗಿಹೋಯಿತು.

"ನೋಡ್ರಲೇ, ನೋಡ್ರಿ. ಗೋಡೆ ಯಾಕೆ ನೋಡ್ತೀರಾ? ಪುಕ್ಕಟೆ ಹಲ್ಲು ಇಲ್ಲೇ ಐತಲ್ಲ ಅಂತ ತಾನೆ?"

"ಅರೇ ಇಲ್ಲಣ್ಣಾ, ಹೈಟು. ಹೈಟಿಗೋಸ್ಕರ..."

"ಹೈಟಂತೆ. ನಿನ್ನ ಹೈಟಿಗೆ ಬೆಂಕಿ ಹಾಕ."

ಮಾವ ನಕ್ಕರೆ ಎರಡು ಕೋರೆಹಲ್ಲುಗಳು ಮೊದಲು ಹೊರಗೆ ಬಂದು ಆಮೇಲೆ ಉಳಿದ ಹಲ್ಲುಗಳನ್ನು ಕರೆಯುತ್ತಿದ್ದವು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಜನ ಉಪ್ಪಿಟ್ಟು ಕೊಟ್ಟು ಕಳಿಸಿ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಜಾತಕ ಯಾವುದು ಎಂದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಈಗ ಮೊಳಕಾಲ್ಮೂರಿನಿಂದ ಒಂದು ಸಂಬಂಧ ಬಂದಿತ್ತು. ಶ್ರಾವಣ ಹುಟ್ಟಿದ ಮೇಲೆ ಹೋಗಿ ನೋಡುವುದೆಂದು ಮಾತಾಗಿತ್ತು. ಈ ಸಲದ್ದು ಬೇರೆ. ಆ ಹುಡುಗಿಯನ್ನು ಮಾವ ನೆಂಟರ ಮದುವೆಯೊಂದರಲ್ಲಿ ಕಂಡಿದ್ದ. ಅಡುಗೆ ಭಟ್ಟರ ಜೊತೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳಕ್ಕೆ ನಿಂತಿದ್ದಳಂತೆ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಆ ಜಗಳವನ್ನು ನನಗೆ ಮಾತು ಮಾತಾಗಿ ಹೇಳುತ್ತಿದ್ದ. "ಈ ಸಲ ಅವ್ರು ಬ್ಯಾಡ ಅಂದ್ರೆ ನಾನು ಇನ್ನೆಲ್ಲಿಗೂ ಉಪ್ಪಿಟ್ಟು ತಿನ್ನಾಕೆ ಹೋಗಲ್ಲ ಕಣಲೇ ಅಳಿಯ" ಎಂದು ಒಮ್ಮೆ ಹೇಳಿದ್ದ. ಅದನ್ನು ತಮಾಷೆಯಾಗಿ ಹೇಳಲಿಲ್ಲ.

ಹಾಗಿದ್ದವನು ದೆವ್ವವಾಗಲು ಯಾಕೆ ಒಪ್ಪಿದ? ಹೊತ್ತು ಹೋಗುತ್ತಿರಲಿಲ್ಲ, ಅದಕ್ಕೆ ಎನ್ನುತ್ತಾನೆ ಈಗ. ನನಗೆ ನೆನಪಿರುವುದು ಬೇರೆ. ಅಂಗಡಿಯಲ್ಲಿ ಗಿರಾಕಿಗಳು ಸೀರೆ ಹಿಡಿದು ನೋಡಿಕೊಳ್ಳುವ ಕನ್ನಡಿಯ ಮುಂದೆ ನಿಂತು ತುಟಿ ಮೇಲೆತ್ತಿ, "ಹೆಂಗೂ ಎಲ್ಲಾರೂ ಇದನ್ನೇ ನೋಡೋದು. ಒಂದ್ಸಲ ನಾನೇ ಸರಿಯಾಗಿ ತೋರ್ಸಾನ ಬಿಡು" ಎಂದ. ಎಂದ ಅಂತ ನನ್ನ ನೆನಪು.

ಅವ್ವನಿಗೆ ವಿಷಯ ಗೊತ್ತಾಗಿ ನಮ್ಮನ್ನು ಸಾಲಾಗಿ ನಿಲ್ಲಿಸಿದಳು.

"ಆಡ್ಕಳ್ರಿ, ಬ್ಯಾಡ ಅನ್ನಲ್ಲ. ಆದ್ರೆ ಅದು ಈ ಬೀದಿ ದಾಟಬಾರ್ದು. ಮದ್ವೆ ಆಗೋ ಹುಡುಗ ಹೆಣದ ಪೆಟ್ಟಿಗ್ಯಾಗೆ ಮಲಗಿದ್ದ ಅಂತ ಮೊಳಕಾಲ್ಮೂರಿನೋರಿಗೆ ಗೊತ್ತಾದ್ರೆ ಮುಗೀತು. ಅವ್ರ ಮನ್ಯಾಗೆ ಒಬ್ಬ ಅಜ್ಜಿ ಐತಂತೆ, ಶಕುನ ಕೇಳದೆ ಹೊಸ್ತಿಲು ದಾಟಲ್ಲಂತೆ. ಕೇಳಿಸ್ತಾ ಭಾಯಿ?"

"ಅಮ್ಮೀ ಕಸಮ್ ಅಕ್ಕಾ, ಟೇಪು ನನ್ನ ಕೈ ಬಿಟ್ಟು ಹೋಗಲ್ಲ" ಎಂದು ವಿಡಿಯೋ ಭಾಯಿ ಗಂಟಲು ಮುಟ್ಟಿಕೊಂಡ.

ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಗೋದಾಮು ದೊರೆಯ ಅರಮನೆಯಾಯಿತು. ನೆಲದ ಮೇಲೆ ಇನ್ನೂ ಕಡ್ಲೆಕಾಯಿ ಸಿಪ್ಪೆಯ ಹಾಸು ಇತ್ತು. ದೊರೆ ಮೆಲ್ಲಗೆ ಹೆಜ್ಜೆಯಿಟ್ಟರೂ ಹಪ್ಪಳ ತುಳಿದಂತೆ ಸದ್ದು. ಹೆಣದ ಪೆಟ್ಟಿಗೆಗೆ ಪಂಪ್‌ಸೆಟ್ ಬಂದಿದ್ದ ಮರದ ಪೆಟ್ಟಿಗೆಯನ್ನು ಭಾಯಿಯ ಅಣ್ಣ ಕೊಟ್ಟರು. ಅದು ಮಾವನ ಉದ್ದಕ್ಕೆ ಸಾಲದೆ ಎರಡೂ ಮೊಣಕಾಲು ಹೊರಗೆ ನಿಲ್ಲುತ್ತಿದ್ದವು. ವಿದೇಶಿ ಚಿತ್ರದಲ್ಲಿ ದೊರೆ ನೆಲ ಗುಡಿಸುವಷ್ಟು ಉದ್ದನೆಯ ಕಪ್ಪು ನಿಲುವಂಗಿ ತೊಟ್ಟಿದ್ದ. ಚಳ್ಳಕೆರೆಯಲ್ಲಿ ಕಪ್ಪಗೆ, ಉದ್ದಕ್ಕೆ, ಹೆಗಲಿಂದ ಇಳಿಬೀಳುವ ವಸ್ತು ಯಾವುದು? ನಾವು ಮೂವರೂ ಯೋಚಿಸಲೇ ಇಲ್ಲ. ಮನೆಗೆ ಹೋಗಿ ಅಟ್ಟದಿಂದ ಕರಿ ಕಂಬಳಿ ತಂದೆವು. ಕುತ್ತಿಗೆಯ ಹತ್ತಿರ ಲಂಗದ ಲಾಡಿ ಹಾಕಿ ಕಟ್ಟಿದೆವು. ಆಷಾಢದ ಗಾಳಿಗೆ ಅದು ಹಾರುತ್ತಿದ್ದದ್ದು ನಿಜಕ್ಕೂ ಚೆನ್ನಾಗಿತ್ತು. ಆದರೆ ಕಂಬಳಿ ಕಚ್ಚುತ್ತದೆ. ರಕ್ತಕ್ಕಾಗಿ ಹಸಿದ ದೊರೆ ಎರಡು ಹೆಜ್ಜೆಗೊಮ್ಮೆ ನಿಂತು ಕುತ್ತಿಗೆ, ಬೆನ್ನು, ಕಂಕುಳು ಕೆರೆದುಕೊಳ್ಳುತ್ತಿದ್ದ.

"ಅಣ್ಣಾ, ಕೆರ್ಕೋಬೇಡಿ, ಮೂಡು ಹೋಗ್ತದೆ."

"ನೀನು ಹೊದ್ಕಳೋ ಬಾ, ನಿನ್ನ ಮೂಡು ನೋಡ್ತೀನಿ."

ರಾತ್ರಿಯ ದೃಶ್ಯಗಳನ್ನೆಲ್ಲ ಮಧ್ಯಾಹ್ನವೇ ತೆಗೆದೆವು. ಕ್ಯಾಮೆರಾದ ಕಣ್ಣಿಗೆ ನೀಲಿ ಜಿಲೆಟಿನ್ ಕಾಗದ ಕಟ್ಟಿದರೆ ಬೆಳದಿಂಗಳು ಬರುತ್ತದೆ ಎಂದು ಭಾಯಿಯ ವಾದ. ಬಂದದ್ದು ಆರತಕ್ಷತೆಯ ಹಾಲ್‌ನಂಥ ಬೆಳಕು, ಅದರಲ್ಲಿ ಎಲ್ಲರಿಗೂ ಕಾಲಡಿ ಗಟ್ಟಿ ನೆರಳು.

ಇಷ್ಟು ಮೊದಲ ಅರ್ಧ. ಎರಡನೆಯ ಅರ್ಧದಲ್ಲಿ ದೊರೆ ರಕ್ತ ಹುಡುಕಿಕೊಂಡು ಊರೊಳಗೆ ಬರುತ್ತಾನೆ. ಅಲ್ಲಿಂದ ನಾನು ಬರೆದದ್ದು ಯಾವುದೂ ನಡೆಯಲಿಲ್ಲ. ಅದಕ್ಕೇ ಇರಬೇಕು, ಸಿನಿಮಾ ಅಲ್ಲಿಂದಲೇ ಎದ್ದು ಕೂರುತ್ತದೆ. ಕಡ್ಲೆಕಾಯಿ ಮಂಡಿಯಲ್ಲಿ ದೊರೆ ಮೂಟೆಗಳ ಹಿಂದಿನಿಂದ ತೋಳು ಚಾಚಿ ಬಂದಾಗ ಹಮಾಲರ ಮುಖಂಡ ತಿರುಗಿಯೂ ನೋಡದೆ, "ಏಯ್ ಕಂಬ್ಳಿ, ನಿಂತ್ಕಂಡು ಏನ್ ನೋಡ್ತೀಯಾ, ಆ ಚೀಲಕ್ಕೆ ಕೈ ಹಾಕು" ಎಂದ. ಮಾವ ಕೈ ಹಾಕಿದ. ಲಾರಿ ತುಂಬುವವರೆಗೂ ಅವನನ್ನು ಬಿಡಲಿಲ್ಲ. ಭಾಯಿಯ ಅಣ್ಣನ ಕುತ್ತಿಗೆ ಕಚ್ಚುವ ದೃಶ್ಯದಲ್ಲಿ ಅವರ ಕುತ್ತಿಗೆಯ ತುಂಬ ಗ್ರೀಸು. ದೊರೆ ಥೂ ಥೂ ಎಂದು ಉಗಿಯುತ್ತ ನಲ್ಲಿಯ ಕಡೆ ಓಡಿದ್ದು ಅಭಿನಯವಲ್ಲ.

ಕೊನೆಗೆ ದೊರೆ ನಮ್ಮ ಮನೆಗೆ ನುಗ್ಗಬೇಕು, ಅವ್ವ ಹೆದರಿ ಚೀರಬೇಕು. ಅವ್ವನಿಗೆ ಹಾಗೆಂದು ಹೇಳಿದ್ದೆವು ಎಂದು ನನ್ನ ನೆನಪು. ಯಾರೂ ಏನೂ ಹೇಳಿರಲಿಲ್ಲ ಎಂದು ಅವ್ವ. ಅಂತೂ ಟೇಪಿನಲ್ಲಿ ಇರುವುದು ಇದು.

"ಇದ್ಯಾಕೋ ತಮ್ಮಾ ಈ ಬಿಸ್ಲಾಗೆ ಕಂಬ್ಳಿ? ಜ್ವರ ಬಂತೇನು?"

ಮಾವ ಕೋರೆಹಲ್ಲು ತೋರಿಸಿ ನಾನು ಬರೆದುಕೊಟ್ಟ ಪುಸ್ತಕದ ಕನ್ನಡದಲ್ಲಿ, "ನನಗೆ ರಕ್ತ ಬೇಕು" ಎಂದ.

"ರಕ್ತ ಆಮ್ಯಾಲೆ ಕುಡಿಯೀವಂತೆ, ಮುದ್ದೆ ಆರೋಗ್ತೈತೆ. ಕುಂತ್ಕ."

ದೊರೆ ಒಂದು ಗಳಿಗೆ ಕ್ಯಾಮೆರಾ ನೋಡಿದ. ನಂತರ ಕಂಬಳಿ ಮಡಚಿಕೊಂಡು ಕುಂತ. ಅವ್ವ ಸೊಪ್ಪಿನ ಸಾರು ಬಡಿಸಿ ಎದುರಿಗೇ ನಿಂತು, "ಇನ್ನರ್ಧ ಹಾಕ್ತೀನಿ, ಬ್ಯಾಡ ಅನ್ಬ್ಯಾಡ. ನೋಡು ಹೆಂಗೆ ಇಳ್ದೋಗಿದೀಯ, ದೆವ್ವ ಬಡ್ದೋರ ಹಂಗೆ" ಎಂದಳು. ಭಾಯಿ ನಗು ತಡೆಯಲಾರದೆ ಕ್ಯಾಮೆರಾವನ್ನು ಕಿಟಕಿಯ ಮೇಲಿಟ್ಟು ಹೊರಗೆ ಓಡಿದ. ನಾನೂ ಅವನ ಹಿಂದೆಯೇ ಓಡಿದೆ.

ಮಿಕ್ಸಿಂಗು ದಾವಣಗೆರೆಯಲ್ಲಿ, ಮದುವೆ ಕ್ಯಾಸೆಟ್ಟುಗಳ ಜೊತೆಯಲ್ಲೇ ಆಯಿತು. ಅಲ್ಲಿಯವರಿಗೆ ಗೊತ್ತಿದ್ದದ್ದು ಒಂದೇ ಬಗೆಯ ಮಿಕ್ಸಿಂಗು. ಹಾಗಾಗಿ ದೊರೆ ಪೆಟ್ಟಿಗೆಯಿಂದ ಏಳುವಾಗ ಪರದೆಯ ತುಂಬ ಗುಲಾಬಿ ಪಕಳೆ ಉದುರುತ್ತವೆ. ಅವನ ಹಲ್ಲು ಒಂದು ಹೃದಯದೊಳಗೆ ಕಾಣಿಸಿಕೊಂಡು ಗಿರಗಿರನೆ ತಿರುಗಿ ತಾವರೆಯಾಗುತ್ತದೆ. ಹಿನ್ನೆಲೆಯಲ್ಲಿ ಓಲಗ.

ಒಂದು ಭಾನುವಾರ ಸಂಜೆ ಅಂಗಡಿಯ ಜಗುಲಿಯ ಮೇಲೆ ಟೀವಿ ಇಟ್ಟು ಬೀದಿಯವರಿಗೆ ತೋರಿಸಿದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಕುಳಿತ ಜನ ಮೊದಲು ಬಹಳ ಮರ್ಯಾದೆಯಿಂದ ನೋಡಿದರು. ಯಾರೂ ಹೆದರಲಿಲ್ಲ, ಯಾರೂ ನಗಲಿಲ್ಲ. ಆಗ ಮುಂದಿನ ಸಾಲಿನಿಂದ ಹೂ ಮಾರುವ ಹೆಂಗಸೊಬ್ಬರು ಬಜ್ಜಿ ನುಂಗಿ ಕೇಳಿದರು:

"ಅಲ್ರೋ, ಇದು ದೆವ್ವ ಅಂದ್ರಲ್ಲ. ದೆವ್ವ ಎಲ್ಲಾದ್ರೂ ಕಂಬ್ಳಿ ಹೊದೀತೈತೇನ್ರೋ?"

ಬೀದಿಯೇ ನಕ್ಕಿತು. ನಮ್ಮ ಮೂವರಿಗೂ ಆಗಲೇ ಹೊಳೆದದ್ದು. ನಮ್ಮ ಕಡೆ ದೆವ್ವಕ್ಕೆ ಕಂಬಳಿ ಕಂಡರೆ ಆಗದು. ಹೊಲದಲ್ಲಿ ಒಂಟಿಯಾಗಿ ಮಲಗುವವರು ಕಂಬಳಿ ಹೊದ್ದು ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾರೆ. ದೇವರನ್ನು ಕೂರಿಸುವ ಗದ್ದುಗೆಗೂ ಕಂಬಳಿಯನ್ನೇ ಹಾಸುತ್ತಾರೆ. ಇದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನಿಲುವಂಗಿ ಹುಡುಕುವಾಗ ಬಣ್ಣ, ಉದ್ದ ಬಿಟ್ಟು ನನ್ನ ತಲೆಗೆ ಬೇರೇನೂ ಬಂದಿರಲಿಲ್ಲ.

"ತನ್ನ ಕಂಬ್ಳಿಗೆ ತಾನೇ ಹೆದ್ರಿ ಕೆರ್ಕಳಾಕತ್ತೈತೆ ನೋಡು!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಲ್ಲಿಂದ ಪ್ರತಿಯೊಂದಕ್ಕೂ ಜನ ಮಾತು ಹಾಕುತ್ತ ಹೋದರು. ಅವ್ವನ ದೃಶ್ಯಕ್ಕೆ ಶಿಳ್ಳೆ ಬಿತ್ತು. ಮಾವ ಜನರ ನಡುವೆ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಆಮೇಲೆ ನಡೆದದ್ದನ್ನು ವಿಡಿಯೋ ಭಾಯಿ ಇವತ್ತಿಗೂ ಕಣ್ಣು ಕೆಳಗೆ ಮಾಡಿಕೊಂಡೇ ಹೇಳುತ್ತಾನೆ. ನಮ್ಮ ಟೇಪು ಹಾಳಾದರೆ ಇರಲಿ ಎಂದು ಅದರ ಒಂದು ನಕಲನ್ನು ಮಿಕ್ಸಿಂಗಿನವರ ಕೈಯಲ್ಲಿ ಬೇರೊಂದು ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗಕ್ಕೆ ಹಾಕಿಸಿದ್ದ. ಆ ಕ್ಯಾಸೆಟ್ಟು ಜ್ಯೇಷ್ಠದಲ್ಲಿ ಆದ ಒಂದು ಮದುವೆಯದು. ಮದುವೆಯನ್ನಷ್ಟೇ ಇನ್ನೊಂದಕ್ಕೆ ಇಳಿಸಿ ಕೊಡಬೇಕೆಂದಿದ್ದವನು ಮರೆತು ಅದನ್ನೇ ಕೊಟ್ಟುಬಿಟ್ಟ. ಮದುವೆ ಮನೆ ಇದ್ದದ್ದು ಮೊಳಕಾಲ್ಮೂರಿನಲ್ಲಿ. ಅದೂ ನಾವು ಹೆಣ್ಣು ನೋಡಲು ಹೋಗಬೇಕಾಗಿದ್ದ ಬೀದಿಯಲ್ಲೇ.

ಸುದ್ದಿ ತಂದವರು ಸಂಬಂಧ ಹೇಳಿದ್ದ ದೂರದ ದೊಡ್ಡಪ್ಪ. ಬಸ್ಸಿಳಿದು ನೇರ ಅಂಗಡಿಗೆ ಬಂದು ನೀರೂ ಕುಡಿಯದೆ ಶುರುಮಾಡಿದರು.

"ಏನಪ್ಪಾ ನಿಮ್ಮ ಕತೆ? ಬೀದಿಗೆ ಬೀದಿನೇ ಕುಂತು ಮದ್ವೆ ಕ್ಯಾಸೆಟ್ ನೋಡೈತೆ. ಊಟದ ಪಂಕ್ತಿ ಮುಗೀತು, ಹುಡುಗಿ ಕಳಿಸ್ಕೊಟ್ರು, ಎಲ್ರೂ ಕಣ್ಣೊರೆಸ್ಕೊಂಡ್ರು. ಇನ್ನೇನು ಟೀವಿ ಆರಿಸ್ಬೇಕು, ಪೆಟ್ಟಿಗೆಯಿಂದ ಇವನು ಎದ್ದವ್ನೆ! ಮಕ್ಳು ಕಿರುಚಿ ಓಡಿದ್ರಂತೆ. ಹುಡುಗಿ ಮನೆಯೋರೂ ಅಲ್ಲೇ ಕುಂತಿದ್ರು."

"ಗುರ್ತು ಸಿಗ್ತಂತಾ ದೊಡ್ಡಪ್ಪಾ?" ಎಂದು ಕೇಳಿದೆ. ಎಂಥ ಪ್ರಶ್ನೆ.

"ನಾನೇ ಫೋಟೋ ಕೊಟ್ಟಿದ್ನಲ್ಲೋ! ಬಾಯಿ ಮುಚ್ಕೊಂಡಿರೋ ಫೋಟೋ ನೋಡಿ ಹುಡುಗ ಆಗ್ಬೋದು ಅಂದಿದ್ರು. ಈಗ ಬಾಯಿ ತೆರೆದಿರೋದೂ ನೋಡಾತು. ಅಜ್ಜಿ ಹೆಣದ ಪೆಟ್ಟಿಗೆ ಅಂದಿದ್ದೇ ಅಂದಿದ್ದು."

ವಿಡಿಯೋ ಭಾಯಿ ಎದುರಂಗಡಿಯಿಂದ ಬಂದವನು ಕೇಳಿ ಹಾಗೇ ಮೆಟ್ಟಿಲ ಮೇಲೆ ಕುಸಿದ. "ಬಹುತ್ ಬಡೀ ಗಲತಿ ಹೋಗಯೀ, ದೊಡ್ಡ ತಪ್ಪಾಗೋಯ್ತು ಅಣ್ಣಾ. ಹೊಡೀರಿ ನನಗೆ."

ಮಾವ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಬಿಚ್ಚಿ ಹರಡಿದ್ದ ಸೀರೆಯೊಂದನ್ನು ಮಡಚುತ್ತ, "ಬರ್ಬ್ಯಾಡ ಅಂದ್ರಾ?" ಎಂದು ಮಾತ್ರ ಕೇಳಿದ.

"ಹಂಗೂ ಅನ್ಲಿಲ್ಲ. ಮಾತು ಕೊಟ್ಟ ಮ್ಯಾಲೆ ಮನೆಗೆ ಬಂದು ಹೋಗ್ಲಿ ಅಂದ್ರು. ಅಷ್ಟೇ."

ಅದರರ್ಥ ಎಲ್ಲರಿಗೂ ತಿಳಿಯಿತು. ಮತ್ತೊಂದು ಉಪ್ಪಿಟ್ಟು.

ಶ್ರಾವಣದ ಮೊದಲ ಶುಕ್ರವಾರ ಎಂದು ನನ್ನ ನೆನಪು, ಸೋಮವಾರ ಎನ್ನುತ್ತಾಳೆ ಅವ್ವ. ಬೆಳಗಿನ ಬಸ್ಸಿಗೆ ಹೊರಟೆವು. ಅವ್ವ, ಮಾವ, ನಾನು, ದೊಡ್ಡಪ್ಪ. ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬರಬೇಡ ಎಂದರೂ ಬಂದ ವಿಡಿಯೋ ಭಾಯಿ. ಅವರ ಕಾಲು ಹಿಡಿದು ತಪ್ಪು ತನ್ನದೆಂದು ಹೇಳಿ ವಾಪಸಾಗುತ್ತೇನೆ ಎಂದು ಹಟ. ತಳಕು ದಾಟುವವರೆಗೆ ಅವ್ವ ಅವನನ್ನು ಬಯ್ದಳು. ಅಲ್ಲಿಂದ ಮುಂದೆ ಅವನೊಬ್ಬನೇ ಹಸಿದಿದ್ದಾನೆಂದು ಗೊತ್ತಾಗಿ ಬುತ್ತಿಯ ಚಪಾತಿ ಕೊಟ್ಟಳು. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದ. ಹಾನಗಲ್ ಕ್ರಾಸಿನಲ್ಲಿ ಬಸ್ಸು ತಿರುಗಿದಾಗ ನನ್ನ ಕಡೆ ಬಾಗಿ, "ಬಾಯಿ ಮುಚ್ಚಿರ್ಲಾ, ತೆರೀಲಾ?" ಎಂದ. ಏನು ಹೇಳಿದೆನೋ ನೆನಪಿಲ್ಲ.

ಬೀದಿಗೆ ಕಾಲಿಟ್ಟದ್ದೇ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಕಿಟಕಿಗಳಲ್ಲಿ ತಲೆಗಳು. "ದಯ್ಯಂ ವಚ್ಚಿಂದಿ, ದಯ್ಯಂ!" ಎಂದು ಮಕ್ಕಳ ಗುಂಪು ಹಿಂದೆ ಬಿತ್ತು. ದೆವ್ವ ಬಂತು ಎನ್ನುವುದಕ್ಕೆ ತೆಲುಗು ಬರಬೇಕಾಗಿರಲಿಲ್ಲ. ಹುಡುಗಿಯ ತಂದೆ ಮಕ್ಕಳನ್ನು ಗದರಿ ನಮ್ಮನ್ನು ಒಳಗೆ ಕರೆದರು. ಪಡಸಾಲೆಯಲ್ಲೇ ಗುಂಡಿಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ. ಚಾಪೆಯ ಮೇಲೆ ಕೂತೆವು. ಭಾಯಿ ಬಾಗಿಲಲ್ಲೇ ಕೈಮುಗಿದು ನಿಂತ. ಹುಡುಗಿ ಬಂದು ನಮಸ್ಕಾರ ಮಾಡಿ ಗೋಡೆಯ ಪಕ್ಕ ಕೂತಳು.

ಮೊದಲು ಮಾತಾಡಿದ್ದು ಅಜ್ಜಿ. ಗೋಡೆ ಹಿಡಿದುಕೊಂಡು ಬಂದು ಮಾವನ ಎದುರಿಗೇ ಕೂತು, ಅವನ ಮುಖವನ್ನು ಸೀರೆ ಅಂಚು ಪರೀಕ್ಷಿಸುವಂತೆ ನೋಡಿದರು.

"ಆ ದಯ್ಯಂ ನುವ್ವೇನಾ ನಾಯನಾ?"

"ಹೌದಮ್ಮಾ. ನಾನೇ" ಎಂದ ಮಾವ. ಬಾಯಿ ತೆರೆದೇ ಹೇಳಿದ. ಹಲ್ಲು ಕಂಡವು.

"ಪೆಟ್ಟಿಗೇಲಿ ಮಲ್ಗಿದ್ಯಲ್ಲ. ಆವಾಗ ಮೈಮ್ಯಾಲೆ ಕಂಬಳಿ ಇತ್ತಾ, ತೆಗ್ದು ಮಲ್ಗಿದ್ಯಾ?"

ಮಾವ ಗಲಿಬಿಲಿಯಾದ. "ಇತ್ತಮ್ಮಾ. ಒಂದು ಗಳಿಗೆ ತೆಗೀತೀನಿ ಕಣ್ರೋ ಅಂದ್ರೂ ಈ ನನ್ಮಕ್ಳು ಬಿಡ್ಲಿಲ್ಲ. ಮೂರು ದಿನ ಕೆರ್ಕಂಡಿದೀನಿ."

"ಪೂರ್ತಿ ಹೊದ್ದಿದ್ಯಾ? ಕಾಲಿಗೂ?"

"ಕಾಲು ಪೆಟ್ಟಿಗೆಯಿಂದ ಆಚೆ ಇದ್ವಮ್ಮಾ. ಅದಕ್ಕೆ ಅವನ್ನೂ ಸುತ್ತಿದ್ರು."

ಅಜ್ಜಿ ಮಗನ ಕಡೆ ತಿರುಗಿದರು. "ಅಯಿತೇ ಏಮೀ ಲೇದು. ಏನೂ ಇಲ್ಲ ಬಿಡು. ಕಂಬಳಿ ಒಳಗಿದ್ದೋನಿಗೆ ಯಾವ ಗಾಳಿ ಮುಟ್ತೈತೆ? ಹೆಣದ ಪೆಟ್ಟಿಗೆ ಅಲ್ಲ, ಸುಡುಗಾಡಲ್ಲೇ ಮಲಗಿದ್ರೂ ದೋಷ ಇಲ್ಲ. ಬೀದಿಯೋರು ಕೇಳಿದ್ರೆ ನಾನು ಹೇಳ್ಕೊಂತೀನಿ."

ಅವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಮ್ಮ ಬೀದಿ ಆಡಿಕೊಂಡು ನಕ್ಕ ಅದೇ ಕಂಬಳಿ ಇಲ್ಲಿ ಶಕುನವನ್ನು ತೊಳೆದುಹಾಕಿತ್ತು. ನಾನು ತಿಳಿದು ಕರಿ ನಿಲುವಂಗಿಯನ್ನೇ ಹೊಲಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲಿನದನ್ನು ಎಚ್ಚರದಿಂದ ಬರೆಯಬೇಕು. ಕಿಟಕಿಯ ಮಕ್ಕಳು ದೆವ್ವ ಮಾಡಿ ತೋರಿಸಬೇಕೆಂದು ಹಟ ಹಿಡಿದದ್ದು ನಿಜ. "ಹೆಣ್ಣು ನೋಡಾಕೆ ಬಂದೋರು ಹುಡುಗಿ ಕೈಲಿ ಹಾಡಿಸ್ತೀರಲ್ಲ, ಇವತ್ತು ಹುಡುಗ ಮಾಡ್ಲಿ" ಎಂದು ಅಜ್ಜಿ ಹೇಳಿದ್ದೂ ನಿಜ, ಇದರಲ್ಲಿ ಎಲ್ಲರ ನೆನಪೂ ಕೂಡುತ್ತದೆ. ಮಾವ ಮಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನೇಯುವವರು ಕಾಲು ಇಳಿಬಿಡುವ ಗುಂಡಿಗೆ ಇಳಿದು, ಮರೆಯಾಗಿ, ಕೋರೆಹಲ್ಲು ಬಿಟ್ಟುಕೊಂಡು ಮೆಲ್ಲಗೆ ಎದ್ದನೆಂದೂ, ಮಕ್ಕಳು ಬೀದಿಯ ಕೊನೆಯವರೆಗೂ ಓಡಿದರೆಂದೂ ನನ್ನ ನೆನಪು. ಹುಡುಗಿಯ ತಂದೆಯವರು ಇದನ್ನು ಒಪ್ಪುವುದಿಲ್ಲ. "ಹಾಸು ನೂಲು ಕಟ್ಟಿದ್ದ ಮಗ್ಗಕ್ಕೆ ಹೊರಗಿನೋರನ್ನ ಇಳಿಸ್ತೀವೇನಪ್ಪಾ? ಅಡುಗೆಮನೆ ಬಾಗಿಲ ಹಿಂದಿಂದ ಬಂದ್ರು" ಎನ್ನುತ್ತಾರೆ. ಮಾವನನ್ನು ಕೇಳಿದರೆ ಎರಡೂ ಕಡೆಯಿಂದ ಬಂದೆ ಎನ್ನುತ್ತಾನೆ. ಗುಂಡಿಯಿಂದ ಎದ್ದದ್ದೇ ಚಂದ ಎಂದು ನಾನೇ ಕಟ್ಟಿಕೊಂಡೆನೋ ಏನೋ. ಆದರೆ ಆ ಮನೆಯಲ್ಲಿ ಎದ್ದ ನಗುವನ್ನು ನಾನು ಕಟ್ಟಿಕೊಂಡಿಲ್ಲ. ಬಾಗಿಲಲ್ಲಿ ನಿಂತ ಭಾಯಿ ಕಣ್ಣೊರೆಸಿಕೊಳ್ಳುತ್ತ, "ಕ್ಯಾಮೆರಾ ತರಬೇಕಾಗಿತ್ತು" ಎನ್ನುತ್ತಿದ್ದ. "ತಂದ್ರೆ ಕಾಲು ಮುರೀತೀನಿ" ಎಂದು ಅವ್ವ.

ಹುಡುಗಿ ಒಳಗೆ ಎದ್ದು ಹೋದಳು. ತಂದೆಯೂ ಹೋದರು. ನಮ್ಮ ಮುಂದೆ ಉಪ್ಪಿಟ್ಟು ಬಂತು. ಮಾವ ಅದನ್ನು ಮುಟ್ಟದೆ ಕೂತ. ತಂದೆ ಹೊರಬಂದು ಅವನ ತಟ್ಟೆ ನೋಡಿ, "ತಿನ್ರಿ, ತಿನ್ರಿ. ಹುಡುಗಿ ಹೂಂ ಅಂದೈತೆ" ಎಂದರು.

ಕಾರ್ತಿಕದಲ್ಲಿ ಮದುವೆಯಾಯಿತು. ಹುಡುಗಿ ನನಗೆ ಅತ್ತೆಯಾದಳು. ಹಲ್ಲಿದ್ದರೇನು, ಅವನ ಅಭಿನಯ ನೋಡಿ ಮನಸೋತಳು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ನನಗೆ ಅನುಕೂಲವಾದ ಕಥೆ ಅದು. ಚಿತ್ರಕಥೆ ನನ್ನದಲ್ಲವೇ?

ಮೊನ್ನೆ ವಿಡಿಯೋ ಭಾಯಿ ಹಳೆಯ ಟೇಪುಗಳನ್ನೆಲ್ಲ ಸೀಡಿಗೆ ಇಳಿಸುವಾಗ ಬೂಸಲು ಹಿಡಿಯದೆ ಉಳಿದಷ್ಟನ್ನು ತಂದುಕೊಟ್ಟ. ಮಾವನ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಗೋದಾಮು ಬಂತು, ಮಕ್ಕಳು ಆಕಳಿಸಿದರು. ಮಂಡಿ ಬಂತು, ನಕ್ಕರು. ಅವ್ವನ ಮುದ್ದೆ ಬಂತು. ನಾನೂ ಭಾಯಿಯೂ ಹೊರಗೆ ಓಡಿದ ಮೇಲೆ ಕಿಟಕಿಯ ಮೇಲಿದ್ದ ಕ್ಯಾಮೆರಾ ತನ್ನಷ್ಟಕ್ಕೆ ಓಡುತ್ತಲೇ ಇತ್ತಲ್ಲ, ಆ ಭಾಗವನ್ನು ನಾನು ಎಂದೂ ಗಮನವಿಟ್ಟು ನೋಡಿರಲಿಲ್ಲ. ಅಲ್ಲಿ ನಗುವಂಥದ್ದೇನೂ ಇಲ್ಲ. ದೊರೆ ಉಂಡು ಏಳುತ್ತಾನೆ. ಕ್ಯಾಮೆರಾ ನಿಂತಿದೆ ಎಂದುಕೊಂಡು ತನ್ನ ತಟ್ಟೆಯನ್ನೂ ಅವ್ವನ ಕೈಯಲ್ಲಿದ್ದ ಪಾತ್ರೆಯನ್ನೂ ತೆಗೆದುಕೊಂಡು ಮೂಲೆಯ ಬಚ್ಚಲ ಕಡೆ ಹೋಗುತ್ತಾನೆ, ಕಂಬಳಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು ತೊಳೆಯುತ್ತಾನೆ, ಬೋರಲು ಹಾಕುತ್ತಾನೆ. ಬಹಳ ಹೊತ್ತು ಅಷ್ಟೇ.

"ಇದನ್ನ ಕತ್ತರಿಸ್ಬೇಕಾಗಿತ್ತು ಭಾಯಿ" ಎಂದೆ.

ಕಡ್ಲೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದಳು. "ಕತ್ತರಿಸಿದ್ರೆ ನಾನು ಈ ಮನ್ಯಾಗೆ ಇರ್ತಿರ್ಲಿಲ್ಲ. ನಮ್ಮಪ್ಪ ಒಂದಿನ ತಟ್ಟೆ ಎತ್ತಿದ್ದು ಕಂಡೋಳಲ್ಲ ನಾನು. ದೆವ್ವ ಎತ್ತಿ ತೊಳೀತಿತ್ತು. ಅದಕ್ಕೇ ಹೂಂ ಅಂದಿದ್ದು."

ಮಾವನ ಮುಖ ನೋಡಬೇಕಾಗಿತ್ತು. "ಹಂಗಾರೆ ನನ್ನ ಆಕ್ಟಿಂಗು?"

"ಆವತ್ತು ನಮ್ಮ ಬೀದ್ಯಾಗೆ ಕ್ಯಾಸೆಟ್ ಹಾಕ್ದಾಗ ಆಕ್ಟಿಂಗ್ ಬರೋ ಹೊತ್ತಿಗೆ ನಾನು ನಿದ್ದೆ ಹೋಗಿದ್ದೆ. ತಟ್ಟೆ ಸದ್ದಿಗೆ ಎಚ್ಚರ ಆತು. ಅದೇ ಕೊನೆ ನೋಡು, ಆಮ್ಯಾಲೆ ಆ ಸದ್ದು ಕೇಳಿಲ್ಲ."

"ನಿನ್ನೆ ತೊಳದ್ನಲ್ಲೇ!"

"ನಿನ್ನೆ ನೆಂಟ್ರು ಬಂದಿದ್ರು."